ಎದುರು ಮನೆ

ಬಾಗಿಲಿನ ಗಾಜಿನ ಕಣ್ಣಿಗೆ ಕಣ್ಣು ಹಚ್ಚಿ ನಿಂತರೆ ಎದುರು ಮನೆ ಬಗ್ಗಿದಂತೆ, ಹೊಟ್ಟೆ ಉಬ್ಬಿದಂತೆ ಕಾಣುತ್ತಿತ್ತು. ಕಬ್ಬಿಣದ ಗ್ರಿಲ್ಲು, ಅದರ ಹಿಂದೆ ಕಂದು ಬಾಗಿಲು, ಪಕ್ಕದಲ್ಲಿ ಚಪ್ಪಲಿ ಇಡುವ ಮಣೆ. ಮಣೆಯ ಮೇಲೆ ಮಗುವಿನ ಗುಲಾಬಿ ಚಪ್ಪಲಿ ಮಾತ್ರ ಇತ್ತು. ಅದರ ಜೊತೆಗೆ ಇರಬೇಕಾದ ದೊಡ್ಡ ಕಪ್ಪು ಚಪ್ಪಲಿ ಇರಲಿಲ್ಲ. ಹಾಗಾದರೆ ಮಾಸೂಮಾ ಹೊರಗೆ ಹೋಗಿದ್ದಾಳೆ. ಹಾಗಾದರೆ ಮಗಳು ಮರ್ಜಿಯಾ ಒಬ್ಬಳೇ ಒಳಗಿದ್ದಾಳೆ. ಅಷ್ಟನ್ನು ತಿಳಿದುಕೊಂಡು ವೇದವತಿ ಅಲ್ಲಿಯೇ ನಿಂತಳು. ತಿಳಿದುಕೊಂಡದ್ದನ್ನು ಏನು ಮಾಡಬೇಕೆಂದು ತೋಚಲಿಲ್ಲ. ಕ್ವಾಲಾಲಂಪುರದ ಹತ್ತಿರದ ನಿಲಾಯ್‌ನ ಈ ಕಾಂಡೋದಲ್ಲಿ ಲಾಕ್‌ಡೌನಿನ ಎರಡನೇ ವರ್ಷ ಅವಳಿಗೆ ಅಂಟಿಕೊಂಡಿದ್ದ ಚಟ ಇದು. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದರೆ, ಲಿಫ್ಟು ಈ ಮಹಡಿಯಲ್ಲಿ ನಿಂತ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಇಲ್ಲಿ ನಿಲ್ಲುವುದು. ಯಾರು ಬಂದರು, ಯಾರು ಹೋದರು, ಮಾಸ್ಕು ಸರಿಯಾಗಿ ಇತ್ತೆ. ಈ ಹೊತ್ತಿಗೆ ಆ ಬಾಗಿಲಿನ ಸಂದಿಯಿಂದ ಬೊಲಾನಿಯ ವಾಸನೆ ಬರಬೇಕಿತ್ತು. ಆಲೂಗಡ್ಡೆ, ಈರುಳ್ಳಿ ಸೊಪ್ಪು ತುಂಬಿ ಕಾವಲಿಯ ಮೇಲೆ ಬೇಯಿಸಿದ ತೆಳ್ಳಗಿನ ರೊಟ್ಟಿ. ಇಡೀ ಬ್ಲಾಕಿನವರು ಮಾಸೂಮಾಳಿಗೆ ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಕಳೆದ ವಾರದಿಂದ ವಾಸನೆ ಬರುತ್ತಿಲ್ಲ.

"ಎಂತ, ಮತ್ತೆ ಅಲ್ಲಿ ಡ್ಯೂಟಿಯಾ?" ಎಂದು ಗಂಡ ರಾಮದಾಸ ಒಳಗಿನಿಂದ ಕೇಳಿದ. ಅವನ ಕ್ಲಾಸು ಇನ್ನೂ ಶುರುವಾಗಿರಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ಅವನು ಮಲಗುವ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೇಲೆ ಫಾರ್ಮಲ್ ಶರ್ಟು, ಕೆಳಗೆ ಲುಂಗಿ ಉಟ್ಟು, ಒಂದು ಪ್ಲಾಸ್ಟಿಕ್ ತಲೆಬುರುಡೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ಮಾಸೂಮಾ ಮೊದಲ ಸಲ ಬೊಲಾನಿ ತಂದುಕೊಟ್ಟ ದಿನ ಅವನು ಬಾಗಿಲು ಹಾಕಿದ ಮೇಲೆ ಹೇಳಿದ್ದ, ಕೆನ್ನೆಯ ಎಲುಬು ನೋಡಿದೆಯಾ, ಕಣ್ಣಿನ ಒಳಮೂಲೆಯ ಮಡಿಕೆ ನೋಡಿದೆಯಾ, ಅಫ್ಘಾನಿಸ್ತಾನ ಅಂತೆ, ಆದರೆ ಮುಖ ಮಂಗೋಲಿಯಾದ್ದು ಮಾರಾಯ್ತಿ. ಹೇಳುವಾಗ ಅವನ ದನಿಯಲ್ಲಿ ತಿರಸ್ಕಾರವಿರಲಿಲ್ಲ, ಪಠ್ಯದಲ್ಲಿದ್ದದ್ದು ಎದುರಿಗೆ ಸಿಕ್ಕಿದ ಖುಷಿ ಇತ್ತು. ಆ ಖುಷಿ ತನಗೂ ತಗುಲಿತ್ತೆಂದು ವೇದವತಿಗೆ ಈಗ ಅನ್ನಿಸಿತು. ಆ ಮಧ್ಯಾಹ್ನ ಅವಳು ಪಾತ್ರೆಯನ್ನೂ ತೊಳೆಯದೆ ಫೋನಿನಲ್ಲಿ ಮಾಸೂಮಾಳ ಹಜಾರಾ ಜನರ ಬಗ್ಗೆ ಓದುತ್ತ ಕೂತಿದ್ದಳು. ಚೆಂಗೀಸ್ ಖಾನನ ಕಡೆಯವರು ಬಿಟ್ಟುಹೋದ ಸೈನಿಕರ ಸಂತಾನ ಅಂತ ಒಬ್ಬರು. ಫಾರ್ಸಿಯಲ್ಲಿ ಹಜಾರ್ ಅಂದರೆ ಸಾವಿರ, ಸಾವಿರ ಜನರ ಪಡೆಗಳಿಂದ ಬಂದ ಹೆಸರು ಅಂತ. ಅಲ್ಲ, ಅದಕ್ಕೂ ಬಹಳ ಹಿಂದಿನಿಂದ ಆ ಬೆಟ್ಟಗಳಲ್ಲೇ ಇದ್ದವರು, ಬಾಮಿಯಾನದ ಬುದ್ಧರ ಕಾಲದವರು ಅಂತ ಇನ್ನೊಬ್ಬರು. ತುರ್ಕರು, ಮಂಗೋಲರು, ಅಲ್ಲಿನವರೇ ಆದ ಜನ ಎಲ್ಲ ಬೆರೆತವರು ಅಂತ ಮತ್ತೊಬ್ಬರು. ಆಡುವುದು ಫಾರ್ಸಿಯ ಒಂದು ಬಗೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿನ ದೊರೆ, ಒಬ್ಬ ಅಮೀರ, ಅವರ ನೆಲ ಕಿತ್ತುಕೊಂಡು, ಕೊಂದು, ಉಳಿದವರನ್ನು ಮಾರಿದ. ಓಡಿಹೋದವರು ಗಡಿಯಾಚೆಯ ಕ್ವೆಟ್ಟಾ ಸೇರಿದರು. ಅವಳು ಓದುತ್ತ ಓದುತ್ತ ಕಂಗಾಲಾಗಿದ್ದಳು, ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನಿಂದಲೇ ಎಂಬ ಮಾತು ಈಗ ಬಾಯಲ್ಲಿ ಉಗುಳಲಾಗದ ಸಿಪ್ಪೆಯಂತೆ ಉಳಿದಿತ್ತು.

ನಾಲ್ಕೇ ವಾಕ್ಯ ಬರೆದದ್ದು. ಬ್ಲಾಕಿನ ವಾಟ್ಸ್ಯಾಪ್ ಗುಂಪಿನಲ್ಲಿ ಹನ್ನೊಂದನೇ ಮಹಡಿಯ ಮಿಸೆಸ್ ಚೊಂಗ್, ನಮ್ಮ ಚೈನೀಸ್ ಮುಸ್ಲಿಂ ಲೇಡಿಯ ರೊಟ್ಟಿ ಸೂಪರ್ ಲಾ ಎಂದು ಫೋಟೋ ಹಾಕಿದ್ದಳು. ಚೀನಾದಲ್ಲಿ ಯಾವ ಊರಿನವಳೋ ಎಂದು ಮತ್ತೊಬ್ಬರು ಕೇಳಿದ್ದರು. ವೇದವತಿಗೆ ಸುಮ್ಮನಿರಲಾಗಲಿಲ್ಲ. ತಪ್ಪನ್ನು ತಪ್ಪಾಗಿಯೇ ಬಿಡುವುದು ಅವಳಿಗೆ ಬರುತ್ತಿರಲಿಲ್ಲ. ಯೂನಿವರ್ಸಿಟಿಯ ಫೌಂಡೇಶನ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುವವಳು, ಹುಡುಗರ ಒಂದೊಂದು ಅಲ್ಪವಿರಾಮವನ್ನೂ ತಿದ್ದುವವಳು. ಈ ದೇಶಕ್ಕೆ ಬಂದಾಗಿನಿಂದ ಟ್ಯಾಕ್ಸಿಯವ, ತರಕಾರಿಯವ, ಮಾಮಕ್ ಹೋಟೆಲಿನವ ಎಲ್ಲರೂ ತಮಿಳಾ ಎಂದು ಕೇಳಿದಾಗಲೆಲ್ಲ, ಅಲ್ಲ, ಕನ್ನಡ, ಕರ್ನಾಟಕ, ಉಡುಪಿ ಎಂದು ಮೂರು ಸಲ ತಿದ್ದುತ್ತಾಳೆ, ಎದುರಿನವರು ಆಕಳಿಸುವವರೆಗೆ. ಅದೇ ಶಿಸ್ತಿನಿಂದ ಬರೆದಳು. ಅವಳು ಚೀನಾದವಳಲ್ಲ, ಅಫ್ಘಾನಿಸ್ತಾನದ ಹಜಾರಾ ಜನಾಂಗದವಳು. ಅವರ ಮೂಲದ ಬಗ್ಗೆ ಹಲವು ಅಭಿಪ್ರಾಯಗಳಿವೆ. ಅವರಲ್ಲಿ ಹೆಚ್ಚಿನವರು ಶಿಯಾ ಪಂಥದವರಾದ್ದರಿಂದ ಬಹಳ ಹಿಂಸೆ ಅನುಭವಿಸಿದ್ದಾರೆ. ಅವಳ ಕುಟುಂಬ ಇಲ್ಲಿ ನಿರಾಶ್ರಿತರಾಗಿ ಬದುಕುತ್ತಿದೆ, ದಯವಿಟ್ಟು ಬೆಂಬಲಿಸಿ. ಒಂದು ಕಾಗುಣಿತದ ತಪ್ಪಿಲ್ಲ. ಎರಡು ಹೆಬ್ಬೆರಳು ಬಂದವು. ಆಮೇಲೆ ಯಾರೋ, ರೆಫ್ಯೂಜಿಯಾ, ಪರ್ಮಿಟ್ ಇದೆಯಾ ಎಂದರು. ಮತ್ತೆ ಯಾರೋ, ಶಿಯಾ, ಎಂದು ಅಷ್ಟೇ ಬರೆದು ಅಳಿಸಿದರು. ಶಿಯಾ ಪಂಥವನ್ನು ಸರ್ಕಾರವೇ ಒಪ್ಪದ ದೇಶ; ಅಳಿಸಿದ ಗುರುತು ಉಳಿದಿತ್ತು. ಸಂಜೆ ಮ್ಯಾನೇಜ್‌ಮೆಂಟ್ ಕಮಿಟಿಯ ಪುವಾನ್ ರೋಹಾನಿಯ ಸಂದೇಶ: ಮಾಹಿತಿಗೆ ಧನ್ಯವಾದ, ಪರಿಶೀಲಿಸುತ್ತೇವೆ. ಮಾರನೆಯ ದಿನ ಮಾಸೂಮಾಳ ಗೇಟ್ ಕಾರ್ಡು ಕೆಲಸ ಮಾಡಲಿಲ್ಲ. ಕಾಗದಪತ್ರ ತೋರಿಸುವವರೆಗೆ ಬ್ಲಾಕ್ ಮಾಡಲಾಗಿದೆ ಎಂದರು. ತೋರಿಸಲು ಇದ್ದದ್ದು ನಿರಾಶ್ರಿತರಿಗೆ ಕೊಡುವ ಯುಎನ್ ಕಾರ್ಡು, ಅದರ ಅವಧಿ ಮುಗಿದಿತ್ತು, ಹೊಸದು ಮಾಡಿಸೋಣವೆಂದರೆ ಈ ಬಿಗಿಯಲ್ಲಿ ದಿನ ಕೊಡುವವರಿರಲಿಲ್ಲ.

"ನೀನೆಂತ ಕೊಲೆ ಮಾಡಿದ್ದೀಯಾ?" ಎಂದಿದ್ದ ರಾಮದಾಸ. "ಇದ್ದದ್ದನ್ನು ಇದ್ದ ಹಾಗೆ ಬರೆದದ್ದು. ಇನ್ನು ಆ ಗುಂಪನ್ನು ಮ್ಯೂಟ್ ಮಾಡಿ ಬಿಡು."

ಮಗಳು ಇಂಚರಾ ಮಾತ್ರ ಆ ದಿನ ತಾಯಿಯ ಫೋನನ್ನು ಓದಿ, ಮೇಜಿನ ಮೇಲೆ ಇಟ್ಟು, "ವೈ ವುಡ್ ಯೂ ಟೆಲ್ ದೆಮ್ ದಟ್, ಅಮ್ಮ?" ಎಂದಿದ್ದಳು. ಹದಿಮೂರರ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ. "ಸತ್ಯ ಅಲ್ವಾ ಅದು?" ಎಂದು ವೇದವತಿ ಕೇಳಿದ್ದಳು. ಇಂಚರಾ ಭುಜ ಕುಣಿಸಿ ಇಯರ್‌ಫೋನ್ ಹಾಕಿಕೊಂಡಳು. ಸತ್ಯವೇ. ಉಡುಪಿಯ ತೆಂಕಪೇಟೆಯಲ್ಲಿ ಆ ಅಜ್ಜಿ ಹಿಂದೊಮ್ಮೆ ಕಂಡುಹಿಡಿದದ್ದೂ ಸತ್ಯವೇ. ಪಿಯುಸಿಯಲ್ಲಿ ಗೆಳತಿ ಶರಣ್ಯಾಳ ಮನೆಗೆ ಮೊದಲ ಸಲ ಹೋದಾಗ ಜಗಲಿಯಲ್ಲಿ ಹೂವು ಕಟ್ಟುತ್ತಿದ್ದ ಅಜ್ಜಿ ಎಷ್ಟು ಮೆತ್ತಗೆ ಮಾತಾಡಿಸಿದ್ದರು. ಮನೆ ಎಲ್ಲಾಯ್ತು ಮಗಾ? ಕಲ್ಸಂಕದ ಹತ್ತಿರವಾ, ಒಳ್ಳೆಯದಾಯ್ತು. ಅಪ್ಪ ಎಂತ ಮಾಡುದು? ಬಿಸಿನೆಸ್ಸು. ಎಂತ ಬಿಸಿನೆಸ್ಸು? ಅಂಗಡಿ. ಎಂತದ್ದರ ಅಂಗಡಿ ಮಗಾ? ಅಜ್ಜಿಯ ಮುಖದಲ್ಲಿ ನಗು ಹಾಗೆಯೇ ಇತ್ತು, ಬೆರಳುಗಳು ಹೂವು ಕಟ್ಟುತ್ತಲೇ ಇದ್ದವು, ಜಾತಿ ಎಂಬ ಶಬ್ದ ಒಂದು ಸಲವೂ ಬಾಯಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಅಪ್ಪನ ಸೆಲೂನಿನ ತಿರುಗುವ ಕುರ್ಚಿ, ನೆಲದ ಮೇಲಿನ ಕೂದಲು, ಗೋಡೆಯ ಕನ್ನಡಿ ಎಲ್ಲವೂ ಆ ಜಗಲಿಗೆ ಬಂದು ನಿಂತವು. ಆಮೇಲೆ ಕಾಫಿ ಬಂತು. ಕುಡಿದಾದ ಮೇಲೆ ಅಜ್ಜಿ, ಲೋಟ ಒಂದು ತೊಳೆದು ಹಿತ್ತಲ ಕಟ್ಟೆಯ ಮೇಲೆ ಕವುಚಿಡು ಮಗಾ, ಎಂದರು, ಅದೇ ನಗುವಿನಲ್ಲಿ. ಶರಣ್ಯಾ ಬೇರೆ ಕಡೆ ನೋಡಿದಳು. ವೇದವತಿ ಲೋಟ ತೊಳೆದಳು, ಬಹಳ ಚೆನ್ನಾಗಿ ತೊಳೆದಳು, ತಳವನ್ನೂ ಉಜ್ಜಿದಳು. ಮತ್ತೆ ಆ ಮನೆಗೆ ಹೋಗಲಿಲ್ಲ. ಆದರೆ ಕೇಳುವ ಆ ಕ್ರಮ, ಒಂದರ ಹಿಂದೆ ಒಂದು ಮೆತ್ತಗಿನ ಪ್ರಶ್ನೆ ಇಟ್ಟು ಮನುಷ್ಯರನ್ನು ಅವರವರ ಜಾಗದಲ್ಲಿ ಕೂರಿಸುವುದು, ಅದು ಅವಳ ಕೈಗೂ ಬಂದುಬಿಟ್ಟಿತ್ತು. ಮಾಸೂಮಾಳನ್ನು ಹಾಗೆಯೇ ಕೇಳಿದ್ದಳಲ್ಲ.

ಕಾರಿಡಾರಿನ ಆಚೆ ಈಚೆ, ಇಬ್ಬರೂ ಅವರವರ ಗ್ರಿಲ್ಲಿನ ಒಳಗೆ ಸ್ಟೂಲು ಹಾಕಿಕೊಂಡು ಕೂತು. ಹೊರಗೆ ಬರುವ ಹಾಗಿರಲಿಲ್ಲ, ಆದರೆ ಬಾಗಿಲು ತೆರೆದು ಕೂತರೆ ಗಾಳಿ ಬರುತ್ತಿತ್ತು. ಮಾಸೂಮಾಳ ಗಂಡ ಕ್ವಾಲಾಲಂಪುರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವನು, ಸೋಂಕು ಹಬ್ಬಿತೆಂದು ಕೆಲಸಗಾರರ ಕಟ್ಟಡಕ್ಕೆ ಮುಳ್ಳುತಂತಿ ಸುತ್ತಿದ್ದರಿಂದ ಅಲ್ಲೇ ಸಿಕ್ಕಿಕೊಂಡಿದ್ದ. ತಾಯಿ ಮಗಳು ಇಬ್ಬರೇ. ಮಾಸೂಮಾ ಕ್ವೆಟ್ಟಾದಲ್ಲಿ ಬೆಳೆದವಳು, ಅವಳ ಉರ್ದು ಮತ್ತು ವೇದವತಿ ಪರೀಕ್ಷೆಗೆ ಓದಿದ ಹಿಂದಿ ಎರಡೂ ಹೇಗೋ ಒಂದನ್ನೊಂದು ಹಿಡಿದುಕೊಂಡು ನಡೆಯುತ್ತಿದ್ದವು. ಅವಳು ವೇದವತಿಯನ್ನು ಬಾಜಿ ಎನ್ನುತ್ತಿದ್ದಳು. ಅಕ್ಕ ಅಂತ ಅರ್ಥವಂತೆ. ನೀವು ನಿಜವಾಗಿ ಎಲ್ಲಿಂದ ಬಂದವರು ಎಂದು ವೇದವತಿ ಕೇಳಿದಾಗ ಮಾಸೂಮಾ ನಕ್ಕಿದ್ದಳು.

"ಯಾರು ಕೇಳ್ತಾರೆ ಅನ್ನೋದರ ಮೇಲೆ ಬಾಜಿ. ನನ್ನ ಅಜ್ಜ, ಬಾಮಿಯಾನದ ಬುದ್ಧರನ್ನು ಕೆತ್ತಿದವರು ನಮ್ಮವರೇ ಅಂತಿದ್ದರು. ನನ್ನ ಗಂಡನಿಗೆ ಚೆಂಗೀಸ್ ಖಾನ್ ಬೇಕು, ಜಗಳ ಆಡುವಾಗ. ಸ್ಕೂಲಿನಲ್ಲಿ ಪಕ್ಕದ ಹುಡುಗಿಯರು, ನಿಮ್ಮ ಮಂಗೋಲಿಯಾಕ್ಕೆ ಹೋಗಿ ಅಂತಿದ್ದರು. ನಾನು ಮನೆಗೆ ಬಂದು ಅಮ್ಮನಿಗೆ ಕೇಳಿದೆ, ಮಂಗೋಲಿಯಾ ಎಲ್ಲಿದೆ, ಹೋಗೋಣ ಅಂತ."

"ಅಮ್ಮ ಏನಂದರು?"

"ರೊಟ್ಟಿ ಸೀಯ್ತಾ ಇದೆ, ತಿರುಗಿಸು ಅಂದಳು."

ಇಬ್ಬರೂ ನಕ್ಕಿದ್ದರು. ಅನಂತರ ಮಾಸೂಮಾ ಗ್ರಿಲ್ಲಿನ ಸರಳನ್ನು ಬೆರಳಿನಿಂದ ಉಜ್ಜುತ್ತ ಹೇಳಿದ್ದಳು, ಹವಾಮಾನ ಹೇಳುವ ದನಿಯಲ್ಲಿ. ಕ್ವೆಟ್ಟಾದ ದಾರಿಯಲ್ಲಿ ಬಂದೂಕು ಹಿಡಿದವರು ಬಸ್ಸು ನಿಲ್ಲಿಸುತ್ತಿದ್ದರು. ಹೆಸರು ಕೇಳುತ್ತಿರಲಿಲ್ಲ, ಕಾಗದ ಕೇಳುತ್ತಿರಲಿಲ್ಲ, ಮುಖ ನೋಡಿ ಇಳಿಸುತ್ತಿದ್ದರು. ಅವಳ ಅಣ್ಣನನ್ನು ಹಾಗೆ ಇಳಿಸಿದ್ದು. ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿಯ ಹೆಂಗಸೊಬ್ಬಳು ಅವಳನ್ನು ಚೀನೀ ಭಾಷೆಯಲ್ಲಿ ಮಾತಾಡಿಸಿದಳು, ಅರ್ಥವಾಗಲಿಲ್ಲ ಎಂದಾಗ ಬೈದಳು, ನಿಮ್ಮ ಭಾಷೆಯೇ ಮರೆತುಹೋಯಿತಾ ಎಂಬ ಧಾಟಿಯಲ್ಲಿ, ಕೊನೆಗೆ ನಕ್ಕು ಒಂದು ಕಿತ್ತಳೆ ಹೆಚ್ಚಿಗೆ ಹಾಕಿದಳು. "ಇದೇ ಮುಖ ಬಾಜಿ. ಬದಲಾಗಿದ್ದು ಏನೂ ಇಲ್ಲ. ಈ ಮುಖ ನೋಡಿ ಒಬ್ಬರು ಕಿತ್ತಳೆ ಕೊಟ್ಟರು. ನಾನು ಚೀನಾದವಳಲ್ಲ ಅಂತ ಹೇಳಲಿಲ್ಲ. ಹೌದು ಅಂತಲೂ ಹೇಳಲಿಲ್ಲ." ಹೇಳಿ, ತುಟಿಗೆ ಬೆರಳು ಇಟ್ಟುಕೊಂಡು ಕಣ್ಣು ಮಿಟುಕಿಸಿದ್ದಳು. ಅದೊಂದು ತಮಾಷೆಯ ಗುಟ್ಟು ಎಂಬಂತೆ. ವೇದವತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡೂ ಬರೆದಳು.

ಫೋನು ಗುಂಯ್‌ಗುಟ್ಟಿತು. ತಪಾವ್ ಬಂದಿದೆ, ಲಾಬಿಯ ಮೇಜಿನ ಮೇಲೆ ಇಟ್ಟಿದ್ದೇನೆ ಎಂದು ಡೆಲಿವರಿಯವನ ಸಂದೇಶ. ಅಡುಗೆ ಮಾಡಲು ಮನಸ್ಸಿಲ್ಲದೆ ಹೊರಗಿನಿಂದ ಅನ್ನ, ಸಾರು ಕಟ್ಟಿಸಿ ತರಿಸಿಕೊಂಡಿದ್ದಳು. ಮಾಸ್ಕು ಹಾಕಿಕೊಂಡು, ಅದರ ಮೇಲೆ ಇನ್ನೊಂದು ಹಾಕಿಕೊಂಡು, ಲಿಫ್ಟಿನ ಗುಂಡಿಯನ್ನು ಕೀಲಿಯ ತುದಿಯಿಂದ ಒತ್ತಿದಳು. ಕನ್ನಡಿಯಲ್ಲಿ ಎರಡು ಕಣ್ಣು ಮಾತ್ರ ಕಂಡವು, ಯಾರದೋ ಕಣ್ಣು. ಕೆಳಗೆ ಬಾಗಿಲು ತೆರೆದಾಗ ಮೊದಲು ಕಂಡದ್ದು ಕಪ್ಪು ಚಪ್ಪಲಿ. ಗಾಜಿನ ಬಾಗಿಲಿನ ಆಚೆ, ಗೇಟಿನ ಬಳಿ, ಮಾಸೂಮಾ ನಿಂತಿದ್ದಳು. ತಲೆಗೆ ಸ್ಕಾರ್ಫು, ಮೂಗಿನ ತನಕ ನೀಲಿ ಮಾಸ್ಕು, ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಮೈದಾಹಿಟ್ಟು ಇದ್ದ ಚೀಲ. ಮಾಸ್ಕಿನ ಮೇಲೆ ಉಳಿದಿದ್ದದ್ದು ಕಣ್ಣುಗಳು ಮಾತ್ರ, ಅಂದರೆ ಯಾವುದನ್ನು ನೋಡಿ ಎಲ್ಲರೂ ಅವಳ ಬಗ್ಗೆ ಕೇಳುತ್ತಾರೋ ಅದಷ್ಟೇ. ಅವಳ ಎದುರಿಗೆ ಸಮವಸ್ತ್ರದ ಇಬ್ಬರು. ಈ ವಾರ ಬಿಗಿ ಹೆಚ್ಚಾಗಿ ಗೇಟುಗೇಟಿಗೆ ತಪಾಸಣೆ ಇತ್ತು. ಕಾವಲಿನ ಮುನಿಯಾಂಡಿ, ಎಸ್ಟೇಟಿನಲ್ಲಿ ದುಡಿದು ಮುದುಕನಾದ ಮನುಷ್ಯ, ಒಂದು ಕೈಯಲ್ಲಿ ಟೋಪಿ ಹಿಡಿದು ಮಲಯದಲ್ಲಿ ಏನೋ ವಿವರಿಸುತ್ತಿದ್ದ. ಕಾರ್ಡು ಬ್ಲಾಕ್ ಆದ ದಿನದಿಂದ ಅವನೇ ಗೇಟು ತೆಗೆದು ಅವಳನ್ನು ಒಳಗೆ ಬಿಡುತ್ತಿದ್ದ. ಇವತ್ತು ಅದು ಅವನ ಕೈಯಲ್ಲಿ ಇರಲಿಲ್ಲ.

ವೇದವತಿ ಮೇಜಿನ ಹತ್ತಿರ ಹೋಗಿ ತನ್ನ ಪೊಟ್ಟಣ ಹುಡುಕಿದಳು. ಅದು ಕಣ್ಣೆದುರೇ ಇತ್ತು. ಆದರೂ ಹುಡುಕಿದಳು.

"ಟೀಚರಮ್ಮಾ," ಎಂದು ಮುನಿಯಾಂಡಿ ಕರೆದ. ಅವನ ದನಿಯಲ್ಲಿ ನಿರಾಳತೆ ಇತ್ತು. ತಮಿಳಿನಲ್ಲಿ ಹೇಳಿದ, ನಾನು ಹೇಳಿದರೆ ಇವರು ಒಪ್ಪುವುದಿಲ್ಲವಂತೆ, ಇಲ್ಲಿ ವಾಸ ಇರುವವರು ಒಬ್ಬರು ಹೇಳಿದರೆ ಸಾಕಂತೆ, ನೀವು ಹೇಳಿ.

ಇಬ್ಬರಲ್ಲಿ ಕಿರಿಯವನು ತಿರುಗಿ ನೋಡಿದ. ಎಳೆಯ ಮುಖ, ಹುಬ್ಬಿನ ಮೇಲೆ ಬೆವರು, ಅವನಿಗೂ ಬಿಸಿಲಿನಲ್ಲಿ ಸಾಕಾಗಿತ್ತು. ಒರಟಾಗಿಯೇನೂ ಕೇಳಲಿಲ್ಲ. "ಮೇಡಂ, ದಿಸ್ ಲೇಡಿ ಸ್ಟೇಯಿಂಗ್ ಹಿಯರ್?"

ಮಾಸೂಮಾ ಅವಳನ್ನು ನೋಡಿದಳು. ಕರೆಯಲಿಲ್ಲ. ಬಾಜಿ ಎಂದು ಒಂದು ಸಲ ಅಂದಿದ್ದರೆ, ಎಂದು ಆಮೇಲೆ ವೇದವತಿ ಎಷ್ಟೋ ಸಲ ಅಂದುಕೊಳ್ಳಲಿದ್ದಳು. ಆದರೆ ಆಗ ಅವಳ ತಲೆಯೊಳಗೆ ನಾಲ್ಕು ವಾಕ್ಯಗಳು ಸಾಲಾಗಿ ನಿಂತಿದ್ದವು, ಕಾಗುಣಿತದ ತಪ್ಪಿಲ್ಲದೆ. ಇವಳ ಬಗ್ಗೆ ತಾನು ಆಡಿದ ಒಂದೊಂದು ಮಾತೂ ಇವಳನ್ನು ಈ ಗೇಟಿನ ಆಚೆಗೆ ತಂದು ನಿಲ್ಲಿಸಿದೆ. ಹೌದು ಅಂದರೆ ಮುಂದಿನದು ಕೇಳುತ್ತಾರೆ. ಎಷ್ಟು ಜನ, ಯಾವ ದೇಶ, ಎಂತ ಕೆಲಸ, ಯಾವ ಕಡೆಯವರು. ಒಂದರ ಹಿಂದೆ ಒಂದು, ಮೆತ್ತಗೆ. ಆಮೇಲೆ ತನ್ನನ್ನೂ ಕೇಳುತ್ತಾರೆ. ನಿಮಗೆ ಹೇಗೆ ಗೊತ್ತು, ನಿಮ್ಮ ವೀಸಾ ಎಲ್ಲಿ, ರಾಮದಾಸನ ಕಾಂಟ್ರಾಕ್ಟು ಮುಂದುವರಿಯುವುದು ಇನ್ನೂ ಗಟ್ಟಿಯಾಗಿಲ್ಲ. ಖಚಿತವಾಗಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಬೇಕು, ಅದೇ ಪ್ರಾಮಾಣಿಕತೆ ಎಂದು ಹುಡುಗರಿಗೆ ಹೇಳಿಕೊಡುವ ವಾಕ್ಯವೊಂದು ತಾನಾಗಿಯೇ ನಾಲಿಗೆಗೆ ಬಂತು.

"ಐ ಆಮ್ ನಾಟ್ ಶೂರ್," ಎಂದಳು.

ಮಾತು ಮಾಸ್ಕಿನೊಳಗೇ ಉಳಿದು ಬಿಸಿಯಾಗಿ ಮುಖಕ್ಕೆ ತಟ್ಟಿತು. ಮುನಿಯಾಂಡಿ ಟೋಪಿಯನ್ನು ತಲೆಗೆ ಇಟ್ಟುಕೊಂಡ. ಹಿರಿಯವನು ವಿಚಾರಿಸಿ ಕಳಿಸುತ್ತೇವೆ ಎಂಬರ್ಥದಲ್ಲಿ ಏನೋ ಹೇಳಿ ನೆರಳಿನಲ್ಲಿ ನಿಂತಿದ್ದ ವ್ಯಾನಿನ ಕಡೆ ಕೈ ತೋರಿಸಿದ. ಮಾಸೂಮಾ ವಾದ ಮಾಡಲಿಲ್ಲ. ಮನೆಯಲ್ಲಿ ಮಗುವಿದೆ ಎನ್ನಲಿಲ್ಲ. ಎಂದರೆ ಮಗುವನ್ನೂ ಕರೆತರಲು ಹೇಳುತ್ತಾರೆ ಎಂದು ಲೆಕ್ಕ ಹಾಕಿದ್ದಾಳೆಂದು ವೇದವತಿಗೆ ಹೊಳೆಯಿತು, ತಾನೇ ಆ ಲೆಕ್ಕ ಹಾಕಿದಷ್ಟು ಸ್ಪಷ್ಟವಾಗಿ. ಮಾಸೂಮಾ ಬಗ್ಗಿ ಕೈಚೀಲವನ್ನು ಗೇಟಿನ ಸರಳುಗಳ ಸಂದಿಯಿಂದ ಒಳಗೆ ತಳ್ಳಿ ನೆಲದ ಮೇಲೆ ಇಟ್ಟಳು, ಯಾರಿಗೂ ಅಲ್ಲವೆಂಬಂತೆ. ಮತ್ತೆ ತಲೆ ಎತ್ತಲಿಲ್ಲ. ಗುರುತಿಲ್ಲದವರ ನಡುವೆ ಇರುವಷ್ಟು ದೂರವನ್ನು ಇಟ್ಟುಕೊಂಡು, ವೇದವತಿ ಹೇಳಿದ್ದನ್ನೇ ನಿಜ ಮಾಡುತ್ತ ನಡೆದುಹೋದಳು. ವ್ಯಾನಿನ ಬಾಗಿಲು ಜಾರಿ ಮುಚ್ಚಿದ ಸದ್ದು ದೊಡ್ಡದೇನಾಗಿರಲಿಲ್ಲ.

"ವರೇನ್," ಬರುತ್ತೇನೆ ಎಂದು ಮುನಿಯಾಂಡಿ ತಮಿಳಿನಲ್ಲಿ ಯಾರಿಗೋ ಹೇಳಿ ತನ್ನ ಪೆಟ್ಟಿಗೆಯಂಥ ಕೋಣೆಯೊಳಗೆ ಹೋಗಿ ಕೂತ. ಅವನು ಅವಳನ್ನು ನೋಡಲಿಲ್ಲ. ವೇದವತಿ ಒಂದು ಕೈಯಲ್ಲಿ ತಪಾವ್ ಪೊಟ್ಟಣ, ಇನ್ನೊಂದು ಕೈಯಲ್ಲಿ ಹಾಲು, ಹಿಟ್ಟಿನ ಚೀಲ ಹಿಡಿದು ಲಿಫ್ಟಿನಲ್ಲಿ ನಿಂತಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಸಾರಿನ ಬಿಸಿ ಬೆರಳಿಗೆ ತಾಗುತ್ತಿತ್ತು, ಹಾಲಿನ ತಂಪು ಇನ್ನೊಂದು ಬೆರಳಿಗೆ ತಾಗುತ್ತಿತ್ತು, ಎರಡೂ ಬೇರೆ ಯಾರದೋ ಕೈಗೆ ಆಗುತ್ತಿರುವಂತೆ ಇತ್ತು. ಪುವಾನ್ ರೋಹಾನಿಗೆ ಫೋನ್ ಮಾಡಬೇಕು. ಯುಎನ್ ಆಫೀಸಿಗೆ ಫೋನ್ ಮಾಡಬೇಕು. ರಾಮದಾಸನಿಗೆ ಹೇಳಬೇಕು, ಅವನು ಕ್ಲಾಸಿನಲ್ಲಿದ್ದಾನೆ. ಏನೆಂದು ಹೇಳುವುದು. ವಾಕ್ಯಗಳನ್ನು ಜೋಡಿಸಲು ನೋಡಿದಳು. ಒಂದು ವಾಕ್ಯಕ್ಕೂ ಕರ್ತೃ ಸಿಗುತ್ತಿರಲಿಲ್ಲ.

ಮಹಡಿಯಲ್ಲಿ ಕಾರಿಡಾರು ಖಾಲಿಯಾಗಿತ್ತು. ತನ್ನ ಬಾಗಿಲಿನ ಹಿಂದಿನಿಂದ ರಾಮದಾಸನ ದನಿ ಕೇಳಿಸುತ್ತಿತ್ತು, ಮುಖದ ಎಲುಬುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ, ವಿದ್ಯಾರ್ಥಿಗಳು ಹಿಂದೆಯೇ ಒಪ್ಪಿಸುತ್ತಿದ್ದರು. ಅವಳು ಆ ಕಡೆಗೆ ಹೋಗದೆ ಎದುರು ಬಾಗಿಲಿನ ಮುಂದೆ ನಿಂತಳು. ಮಣೆಯ ಮೇಲೆ ಗುಲಾಬಿ ಚಪ್ಪಲಿ. ಈ ಬಾಗಿಲಿಗೂ ಗಾಜಿನ ಕಣ್ಣು ಇತ್ತು, ಆದರೆ ಮಗುವಿಗೆ ಅದು ಎಟುಕಲಾರದು. ಬೆಲ್ಲು ಒತ್ತಿದಳು. ಒಳಗೆ ಟೀವಿಯ ಸದ್ದು ನಿಂತಿತು. ಬರಿಗಾಲಿನ ಓಟ, ಬಾಗಿಲಿನ ತನಕ. ಆಮೇಲೆ ಏನೂ ಇಲ್ಲ. ಬಾಗಿಲಿಗೆ ಕಿವಿ ಹಚ್ಚಿ ನಿಂತ ಮಗುವಿನ ಉಸಿರು ಮರದ ಈಚೆಗೂ ಕೇಳುತ್ತದೆ ಅನ್ನಿಸಿತು.

"ಕೌನ್?" ಎಂದಳು ಮರ್ಜಿಯಾ. ಯಾರು? ತಾಯಿ ಕಲಿಸಿಕೊಟ್ಟ ಹಾಗೆ, ಗಟ್ಟಿಯಾಗಿ, ದೊಡ್ಡವರ ದನಿ ಮಾಡಿಕೊಂಡು.

ವೇದವತಿ ಬಾಯಿ ತೆರೆದಳು. ಟ್ಯಾಕ್ಸಿಯವನಿಗೆ, ತರಕಾರಿಯವನಿಗೆ ಮೂರು ಸಲ ತಿದ್ದಿ ಹೇಳುವ ಮಾತುಗಳು ಅಲ್ಲಿಯೇ ಇದ್ದವು, ಒಂದೂ ಇದಕ್ಕೆ ಉತ್ತರವಲ್ಲ. ಟೀಚರಮ್ಮ ಅಲ್ಲ. ಬಾಜಿ ಎನ್ನುವ ಹಾಗಿರಲಿಲ್ಲ.

"ಕೌನ್ ಹೈ?" ಮಗು ಮತ್ತೆ ಕೇಳಿತು. ಈ ಸಲ ದನಿ ಚಿಕ್ಕದಾಗಿತ್ತು.

"ಎದುರು ಮನೆಯವಳು," ಎಂದಳು ವೇದವತಿ ಹಿಂದಿಯಲ್ಲಿ. ಕೆಳಗೆ ಗೇಟಿನ ಬಳಿ ಆ ಕಿರಿಯವನು ಕೇಳಿದ್ದು ಇಷ್ಟನ್ನೇ, ಇನ್ನೇನನ್ನೂ ಅಲ್ಲ. ಇವಳು ನಮ್ಮ ಎದುರು ಮನೆಯವಳು.

ಒಳಗಿನಿಂದ ಸ್ಟೂಲು ಎಳೆದ ಸದ್ದು, ಚಿಲಕ ಮೇಲಕ್ಕೆ ಸರಿದ ಸದ್ದು. ಮಗು ಇನ್ನೇನೂ ಕೇಳದೆ ಬಾಗಿಲು ತೆರೆಯಿತು.